ಹೂವು ಎಡಕ್ಕೆ ಬಿತ್ತು, ಪಾಲು ಕೊಡಲ್ಲ

ಕೆಲವು ವರ್ಷಗಳ ಹಿಂದೆ ಒಬ್ಬ ಕಕ್ಷಿದಾರರು ಸಮನ್ಸ್ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ಮಲೆನಾಡಿನವರು, ಅಡಿಕೆ ತೋಟ ಇದೆ. (ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿದ್ದೇನೆ.) ತಂಗಿ ಪಾಲು ಕೇಳಿ ದಾವೆ ಹಾಕಿದ್ದರು. ನಿಮ್ಮ ತಕರಾರು ಏನು ಅಂತ ಕೇಳಿದೆ.

"ಮನೆದೇವರ ಹತ್ರ ಪ್ರಸಾದ ಕೇಳಿದೆ ಸಾರ್. ಪಾಲು ಕೊಡಬೇಕು ಅಂತಿದ್ರೆ ಬಲಗಡೆ ಹೂ ಕೊಡು ಅಂದೆ. ಎಡಗಡೆ ಬಿತ್ತು. ದೇವರೇ ಬೇಡ ಅಂದ ಮೇಲೆ ನಾನು ಹೇಗೆ ಕೊಡ್ಲಿ?"

ನಗಬೇಡಿ. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಹಿಂದೊಮ್ಮೆ ಪಕ್ಕದ ಜಮೀನು ಒಳ್ಳೇ ರೇಟಿಗೆ ಬಂದಾಗಲೂ ಹೂ ಎಡಕ್ಕೆ ಬಿತ್ತು ಅಂತ ಕೈಬಿಟ್ಟವರು. ತನಗೆ ನಷ್ಟವಾದರೂ ಹೂವಿನ ಮಾತು ಮೀರದವರನ್ನು ಕಪಟಿ ಅನ್ನೋದು ಹೇಗೆ? ಆದರೆ ಜಮೀನು ಬಿಟ್ಟಾಗ ನಷ್ಟ ಅವರದ್ದೇ ಆಗಿತ್ತು. ಈ ಸಲದ ನಷ್ಟ ತಂಗಿಯದು.

ಅದೇ ಸುಮಾರಿಗೆ ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಫೋನ್ ಮಾಡಿ, ನಮ್ಮೂರ ಜಾತ್ರೆಯಲ್ಲಿ ನಡೆಯೋದೆಲ್ಲ ಮೂಢನಂಬಿಕೆ, ಒಂದು ಪಿಐಎಲ್ ಹಾಕಿ ನಿಲ್ಲಿಸಿಬಿಡಿ ಸಾರ್ ಅಂದ. ಯಾರಿಗೆ ಏನು ತೊಂದರೆ ಆಗ್ತಿದೆ ಅಂತ ಕೇಳಿದರೆ, "ತೊಂದರೆ ಅಂತಲ್ಲ, ಅರ್ಥವೇ ಇಲ್ವಲ್ಲ" ಅಂದ. ಅರ್ಥ ಇಲ್ಲದ್ದನ್ನೆಲ್ಲ ನಿಲ್ಲಿಸೋಕೆ ಹೊರಟರೆ ಮದುವೆ ಊಟದಿಂದಲೇ ಶುರು ಮಾಡಬೇಕಾಗುತ್ತೆ.

ಇಬ್ಬರೂ ಎಡವಿದ್ದು ಒಂದೇ ಕಲ್ಲಿಗೆ. ನಂಬಿಕೆಗೆ ಕಾರಣ ಕೊಡಬೇಕಾ, ಬೇಡ್ವಾ? ನಮ್ಮ ಕಾನೂನಿನಲ್ಲಿ ಇದಕ್ಕೆ ಸಿಗುವ ಉತ್ತರ ನನಗೆ ತುಂಬ ಇಷ್ಟ: ನಿಮ್ಮ ಪಾಡಿಗೆ ನಂಬೋಕೆ ಕಾರಣ ಬೇಡ, ಇನ್ನೊಬ್ಬರ ಮೇಲೆ ಹೇರೋಕೆ ಕಾರಣ ಬೇಕು.

ಕೇರಳದ ಮೂರು ಮಕ್ಕಳ ಕೇಸು ನೋಡಿ. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದವರು. ಶಾಲೆಯಲ್ಲಿ ಜನಗಣಮನ ಹೇಳುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರನ್ನು ಬಿಟ್ಟು ಬೇರೆ ಯಾರನ್ನೂ ಹಾಡಿ ಸ್ತುತಿಸಬಾರದು ಅನ್ನೋದು ಅವರ ನಂಬಿಕೆ. 1985ರಲ್ಲಿ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಅಂತು. ತೀರ್ಪು ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ನಮ್ಮ ರಾಜ್ಯದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದರಲ್ಲ, ಅವರೇ. ಈ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದಾ ಅನ್ನೋದು ಪ್ರಶ್ನೆಯೇ ಅಲ್ಲ, ಅದನ್ನು ಮನಸ್ಸಾರೆ ನಂಬಿದ್ದಾರಾ ಅಷ್ಟೇ ನೋಡಬೇಕು ಅನ್ನೋದು ಅವರ ಮಾತಿನ ಸಾರ. ಮಕ್ಕಳು ಯಾರ ಬಾಯನ್ನೂ ಮುಚ್ಚಿಸಿರಲಿಲ್ಲ. ಹಾಗಾಗಿ ಕಾರಣ ಕೊಡಬೇಕಾಗಿದ್ದು ಅವರನ್ನು ಹೊರಗೆ ಹಾಕಿದವರು.

ನಮ್ಮ ವೃತ್ತಿಯಲ್ಲಿ 'ಸ್ಪೀಕಿಂಗ್ ಆರ್ಡರ್' ಅನ್ನೋ ಮಾತಿದೆ. ಆದೇಶ ಮಾತಾಡಬೇಕು, ಅಂದರೆ ಯಾಕೆ ಹೀಗೆ ತೀರ್ಮಾನಿಸಿದೆ ಅಂತ ತಾನೇ ಹೇಳಬೇಕು. ಅಧಿಕಾರಿ ಒಬ್ಬರು ನಿಮ್ಮ ಅರ್ಜಿಯನ್ನು ಸುಮ್ನೆ 'ತಿರಸ್ಕರಿಸಲಾಗಿದೆ' ಅಂತ ಬರೆದು ಸಹಿ ಹಾಕಿದರೆ, ಮೇಲಿನ ಕೋರ್ಟಿನಲ್ಲಿ ಆ ಆದೇಶ ಸಾಮಾನ್ಯವಾಗಿ ನಿಲ್ಲಲ್ಲ. ಅವರು ದಡ್ಡರು ಅಂತಲ್ಲ, ಕಾರಣ ಗೊತ್ತಿಲ್ಲದೆ ನೀವು ಜಗಳ ಆಡೋದಾದರೂ ಯಾವುದರ ಜೊತೆ? ಹೂವಿನ ತೀರ್ಪಿಗೂ ಇದೇ ಕಷ್ಟ. ಅದು ಕಾರಣ ಹೇಳಲ್ಲ, ಅದರ ಮೇಲೆ ಅಪೀಲಿಲ್ಲ, ಸಾಕ್ಷಿಕಟ್ಟೆಗೆ ಕರೆಸಿ ಪಾಟೀಸವಾಲು ಮಾಡೋಕೂ ಆಗಲ್ಲ. ಹೂ ಕೇಳಿದವರು ಅದನ್ನು ಒಪ್ಪಬಹುದು, ಕೇಳದೇ ಇದ್ದ ತಂಗಿ ಯಾಕೆ ಒಪ್ಪಬೇಕು?

ಜಾತ್ರೆ ನಿಲ್ಲಿಸಬೇಕು ಅಂದ ಹುಡುಗನಿಗೆ ನಾನು ಓದಿ ಹೇಳಿದ್ದು ನಮ್ಮ ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆ. ಜಾರಿಗೆ ಬಂದದ್ದು 2020ರಲ್ಲಿ. ಅದರಲ್ಲಿ ಅಪರಾಧ ಯಾವುದು, ಯಾವುದಲ್ಲ ಎರಡೂ ಇದೆ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಜ್ಯೋತಿಷ್ಯ, ವಾಸ್ತು ಯಾವುದಕ್ಕೂ ಅಡ್ಡಿಯಿಲ್ಲ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕಿಸೋದು ಅಪರಾಧ. ಉಂಡ ಎಲೆಗಳ ಮೇಲೆ ಜನ ಉರುಳುವ ಏರ್ಪಾಡು ಮಾಡೋದೂ ಅಪರಾಧ. ವಾಸ್ತುವಿಗೆ ವಿನಾಯಿತಿ ಕೊಟ್ಟಿದ್ದು ಅಂಜಿಕೆಯಿಂದ ಅಂತ ಬೈಯುವವರಿದ್ದಾರೆ. ಇರಬಹುದು. ಆದರೂ ಗೆರೆ ಹೆಚ್ಚುಕಮ್ಮಿ ಸರಿಯಾದ ಜಾಗದಲ್ಲೇ ಬಿದ್ದಿದೆ. ನೀವು ಅಡುಗೆಮನೆಯನ್ನು ಆಗ್ನೇಯಕ್ಕೆ ತಿರುಗಿಸಿದರೆ ಖರ್ಚು ನಿಮ್ಮದೇ, ಹಾವು ಕಚ್ಚಿದ ಆಳನ್ನು ಆಸ್ಪತ್ರೆಗೆ ಹೋಗೋಕೆ ಬಿಡದಿದ್ದರೆ ಹೋಗುವ ಜೀವ ನಿಮ್ಮದಲ್ಲ.

ಇನ್ನು ದೇವಸ್ಥಾನದ ಬಾಗಿಲಿನ ವಿಷಯ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 1958ರಲ್ಲಿ. ಇದು ನಮ್ಮ ಸಮುದಾಯದ ಗುಡಿ, ಯಾರು ಬರಬೇಕು ಅನ್ನೋದು ನಮ್ಮ ಧರ್ಮದ ವಿಷಯ ಅಂತ ಅದನ್ನು ನಡೆಸುತ್ತಿದ್ದ ಗೌಡ ಸಾರಸ್ವತರು ವಾದಿಸಿದರು. ಗುಡಿ ಅವರದೇ ಅಂತ ಕೋರ್ಟೂ ಒಪ್ಪಿತು. ಆದರೂ ಎಲ್ಲ ಹಿಂದೂಗಳಿಗೂ ಬಾಗಿಲು ತೆರೆಯಲೇಬೇಕು ಅಂತು. ಕೆಲವು ವಿಶೇಷ ಸೇವೆಗಳ ಹೊತ್ತನ್ನು ಮಾತ್ರ ಸಮುದಾಯಕ್ಕೇ ಬಿಟ್ಟಿತು.

ಇಲ್ಲಿ ನನ್ನದೊಂದು ತಕರಾರಿದೆ. 1954ರ ಶಿರೂರು ಮಠದ ತೀರ್ಪಿನಿಂದ ಶುರುವಾಗಿ, ಸಂವಿಧಾನದ ರಕ್ಷಣೆ ಯಾವ ಆಚರಣೆಗೆ ಸಿಗಬೇಕು ಅಂತ ತೀರ್ಮಾನಿಸೋಕೆ ಕೋರ್ಟುಗಳು 'ಧರ್ಮದ ಅತ್ಯಗತ್ಯ ಆಚರಣೆ' ಯಾವುದು ಅಂತ ನೋಡುತ್ತಾ ಬಂದಿವೆ. ಅದನ್ನು ಆ ಧರ್ಮದ ಬೋಧನೆಯಿಂದಲೇ ತಿಳಿಯಬೇಕು ಅಂತ ಮೊದಲ ತೀರ್ಪು ಹೇಳಿತ್ತು. ಆಮೇಲಾಮೇಲೆ ನ್ಯಾಯಾಧೀಶರೇ ಗ್ರಂಥ ಬಿಡಿಸಿ ಇದು ಮುಖ್ಯ, ಇದು ಅಲ್ಲ ಅಂತ ಆರಿಸೋಕೆ ಶುರು ಮಾಡಿದರು. ನಮ್ಮ ಹಿಜಾಬ್ ಕೇಸಿನಲ್ಲೂ 2022ರ ಮಾರ್ಚಿನಲ್ಲಿ ಹೈಕೋರ್ಟ್ ಹೀಗೇ ನೋಡಿತು. ಅದೇ ವರ್ಷ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಅಭಿಪ್ರಾಯ ಒಡೆಯಿತು. ಈ ಅತ್ಯಗತ್ಯದ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ ಅಂದರು ನ್ಯಾಯಮೂರ್ತಿ ಧುಲಿಯಾ. ನನಗೂ ಹಾಗೇ ಅನ್ನಿಸುತ್ತೆ. ಕರಿಕೋಟು ಹಾಕಿಕೊಂಡು ಶಾಸ್ತ್ರ ಹೇಳೋಕೆ ಹೋದರೆ ಪುರೋಹಿತರ ಕೆಲಸವೂ ಕೆಡುತ್ತೆ, ನಮ್ಮದೂ ಕೆಡುತ್ತೆ.

ಅಡಿಕೆ ತೋಟದವರ ಕಥೆಗೆ ಬರ್ತೀನಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲೇ ಕಾನೂನು ಬಂದಾಗಿದೆ ಅಂತ ತಿಳಿಸಿ ಹೇಳಿದೆ. ನಿಮ್ಮ ಪಾಲನ್ನು ಹೂ ಕೇಳಿ ಯಾರಿಗಾದರೂ ಬರೆದುಕೊಡಿ, ನಾನೇ ಪತ್ರ ಮಾಡಿಕೊಡ್ತೀನಿ, ತಂಗಿಯ ಪಾಲಿನ ಮೇಲೆ ಹೂ ಕೇಳೋಕೆ ಬರಲ್ಲ ಅಂದೆ. ಸಿಟ್ಟು ಮಾಡಿಕೊಂಡು ಹೋದವರು ಎರಡು ತಿಂಗಳು ಬಿಟ್ಟು ಬಂದರು. ಕೊನೆಗೆ ರಾಜಿ ಆಯಿತು.

ಸಹಿ ಹಾಕುವ ದಿನವನ್ನು ಮಾತ್ರ ಪ್ರಸಾದ ಕೇಳಿಯೇ ನಿಗದಿ ಮಾಡ್ತೀನಿ ಅಂದರು. ಫೋನಿನಲ್ಲಿ ತಂಗಿಯನ್ನು ಕೇಳಿದೆ. "ಮಾಡ್ಲಿ ಬಿಡಿ ಸಾರ್, ಅಣ್ಣ ಯಾವಾಗ್ಲೂ ಹಂಗೇ. ಗುರುವಾರ ಒಂದು ಬೇಡ, ನಂಗೆ ಸಂಘದ ಮೀಟಿಂಗ್ ಇದೆ" ಅಂದರು.