ಆ ಗುಂಡಿಯ ತಂಟೆಗೆ ಹೋಗಬೇಡಿ

ವೈನ್ ಕೂಲರ್, ಅಂದರೆ ವೈನ್ ಬಾಟಲಿ ಇಡುವ ಫ್ರಿಜ್ಜು, ಕೆಟ್ಟಿದೆ ಎಂದು ರಿಪೇರಿಗೆ ನನ್ನನ್ನು ಕರೆಸುವವರಲ್ಲಿ ಹೆಚ್ಚಿನವರ ಕೂಲರ್ ಚೆನ್ನಾಗಿಯೇ ಇರುತ್ತದೆ. ಸುಮ್ಮನಿರದಿರುವುದು ಉಷ್ಣತೆಯ ಗುಂಡಿ ಒತ್ತುವ ಮಾಲೀಕರ ಬೆರಳು. ಇವತ್ತು 8 ಡಿಗ್ರಿ, ನಾಳೆ 16, ನೆಂಟರು ಬಂದರೆಂದು 6, ಅವರು ಹೋದ ಮೇಲೆ ಕರೆಂಟು ಉಳಿಯಲೆಂದು 18. ಬೂಚಿನ ಬಾಟಲಿಯನ್ನು ಅಡ್ಡ ಮಲಗಿಸಬೇಕು, ಬಿಸಿಲು ತಾಗಿಸಬಾರದು ಎಂಬುದೆಲ್ಲ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳಲಾರೆ. ಎಷ್ಟು ಹೇಳಿದರೂ ತಲೆಗೆ ಇಳಿಯದಿರುವುದು ಒಂದೇ ವಿಷಯ: ವೈನ್ ಕುಡಿಯುವ ಉಷ್ಣತೆ ಬೇರೆ, ಇಡುವ ಉಷ್ಣತೆ ಬೇರೆ.

ಕುಡಿಯುವಾಗ ನೊರೆಯುಕ್ಕುವ ವೈನಿಗೆ 6ರಿಂದ 8 ಡಿಗ್ರಿ, ಬಿಳಿಗೆ 8ರಿಂದ 12, ಕೆಂಪಿಗೆ 14ರಿಂದ 18 ಹಿತ. ಕೂಲರ್ ಜತೆ ಬರುವ ಪುಸ್ತಿಕೆಗಳಲ್ಲಿ ಈ ಪಟ್ಟಿಯನ್ನೇ ಅಚ್ಚು ಹಾಕಿರುವುದುಂಟು. ಜನ ಅದನ್ನು ಇಡುವ ಪಟ್ಟಿ ಎಂದು ಓದಿಕೊಳ್ಳುತ್ತಾರೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಡುವುದಾದರೆ ಬಣ್ಣಭೇದವೇ ಇಲ್ಲ. ಯಾವ ವೈನಾದರೂ 12 ಇಲ್ಲವೇ 13 ಡಿಗ್ರಿ. 11 ಆದರೂ, 14 ಆದರೂ ಮುಳುಗಿಹೋಗುವುದೇನಿಲ್ಲ. ಆದರೆ ಒಂದು ಕಡೆ ನಿಲ್ಲಬೇಕು.

ಏಕೆಂದು ಕೇಳಿ. ಬಾಟಲಿಯ ಕತ್ತಿನಲ್ಲಿ ವೈನಿಗೂ ಬೂಚಿಗೂ ನಡುವೆ ಇರುವುದು ಅಂಗೈಯಲ್ಲಿ ಹಿಡಿಸುವಷ್ಟೂ ಇಲ್ಲದ ಜಾಗ. 750 ಮಿಲಿ ವೈನ್ ಹತ್ತು ಡಿಗ್ರಿ ಬಿಸಿಯಾದರೆ ಒಂದೆರಡು ಮಿಲಿ ಹಿಗ್ಗುತ್ತದೆ. ಅಷ್ಟು ಸಾಕು, ಒಳಗೆ ಒತ್ತಡ ಏರಿ ಬೂಚಿನ ಅಂಚಿನಲ್ಲಿ ಜಾಗ ಹುಡುಕುತ್ತದೆ. ಮತ್ತೆ ತಣ್ಣಗಾದಾಗ ಕುಗ್ಗಿ, ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಸಲ ಹೀಗಾದರೆ ಏನೂ ಆಗುವುದಿಲ್ಲ. ವಾರವಾರವೂ ಆದರೆ ಬಾಟಲಿಗೆ ನೀವೇ ಪಂಪು ಹೊಡೆದಂತೆ. ಹಿಡಿದದ್ದು ಬೂಚೋ ತಿರುಪು ಮುಚ್ಚಳವೋ ಎನ್ನುವುದರ ಮೇಲೆ ಹಾನಿ ಹೆಚ್ಚುಕಡಿಮೆಯಾಗುತ್ತದೆ, ಅದನ್ನೂ ಹೇಳಿಬಿಡಬೇಕು.

ನಿವೃತ್ತ ಮೇಷ್ಟರೊಬ್ಬರಿದ್ದರು. ಮಗಳು ಹುಟ್ಟಿದ ವರ್ಷದ ಕೆಂಪು ವೈನನ್ನು ಅವಳ ಮದುವೆಗೆಂದು ಎತ್ತಿಟ್ಟಿದ್ದರು. ಅಂಥ ಜೋಪಾನದ ಮನುಷ್ಯರನ್ನು ನಾನು ಕಂಡದ್ದು ಕಡಿಮೆ: ಕೂಲರಿನ ಮೇಲೆ ಒಂದು ರೂಲು ಹಾಕಿದ ನೋಟುಪುಸ್ತಕ, ಅದರಲ್ಲಿ ಬೆಳಗ್ಗೆ ಸಂಜೆ ಉಷ್ಣತೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘2 ಇಳಿಸಿದೆ’, ‘3 ಏರಿಸಿದೆ’. ಬಾಟಲಿ ಕೈಗೆ ತೆಗೆದುಕೊಂಡು ಕತ್ತಿನ ತಗಡಿನ ಹೊದಿಕೆಯನ್ನು ಬೆರಳಲ್ಲಿ ತಿರುಗಿಸಿದೆ. ತಿರುಗಲಿಲ್ಲ. ಬಿಡಿಸಿ ನೋಡಿದರೆ ಬೂಚು ಕೂದಲೆಳೆಯಷ್ಟು ಮೇಲೆದ್ದಿತ್ತು, ಸುತ್ತ ಕಂದು ಬಣ್ಣದ ಅಂಟು. “ಕೆಟ್ಟುಹೋಗಿದೆಯೇನಪ್ಪಾ?” ಎಂದರು. “ತೆರೆಯದೆ ಹೇಳಲಾಗುವುದಿಲ್ಲ ಸಾರ್, ಆದರೆ ಇನ್ನು ಕಾಯಬೇಡಿ” ಎಂದೆ. ಹೊದಿಕೆ ತಿರುಗದಿದ್ದರೆ ವೈನ್ ಕೆಟ್ಟಿದೆ ಎಂದೇ ಅರ್ಥವಲ್ಲ, ತಿರುಗಿದರೆ ಚೆನ್ನಾಗಿದೆ ಎಂದೂ ಅಲ್ಲ. ಸೋರಿರಬಹುದು ಎಂಬ ಸೂಚನೆ, ಅಷ್ಟೆ.

ಮೇಷ್ಟರನ್ನು ದಾರಿ ತಪ್ಪಿಸಿದ್ದು ಬಾಗಿಲ ಮೇಲೆ ಹೊಳೆಯುವ ಅಂಕಿ. ಸಾಮಾನ್ಯವಾಗಿ ಅದು ತೋರಿಸುವುದು ಒಳಗಿನ ಗಾಳಿಯ ಉಷ್ಣತೆ, ವೈನಿನದಲ್ಲ. ಕಂಪ್ರೆಸರ್ ಓಡಿದಾಗ ಗಾಳಿ 11ಕ್ಕೆ ಇಳಿಯುತ್ತದೆ, ನಿಂತಾಗ 14ಕ್ಕೆ ಏರುತ್ತದೆ, ಬಾಗಿಲು ತೆರೆದರೆ ಕ್ಷಣದಲ್ಲಿ 16. ಗಾಜಿನೊಳಗಿನ ವೈನಿಗೆ ಇದರ ಸುಳಿವೂ ಇರುವುದಿಲ್ಲ, ಅದು ಬದಲಾಗಲು ಗಂಟೆಗಟ್ಟಲೆ ಬೇಕು. ನಂಬಿಕೆ ಬಾರದಿದ್ದರೆ ಖಾಲಿ ಬಾಟಲಿಗೆ ನೀರು ತುಂಬಿ ನಡುವಿನ ಹಲಗೆಯಲ್ಲಿ ನಿಲ್ಲಿಸಿ, ಒಂದು ದಿನ ಬಿಟ್ಟು ಅದರೊಳಗೆ ಥರ್ಮಾಮೀಟರ್ ಇಳಿಸಿ ನೋಡಿ. ಆ ನೀರಿನ ಉಷ್ಣತೆ 12-13ಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ಒಂದು ಸಲ ಸರಿಮಾಡಿ ಕೈಬಿಡಿ. ಹೊರಗಿನ ಅಂಕಿ ಕುಣಿಯುತ್ತಿರಲಿ.

2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ, ಸುಮಾರು 50 ಮೀಟರ್ ಆಳದಲ್ಲಿ, ಮುಳುಗಿದ ಹಡಗೊಂದರಿಂದ 168 ಬಾಟಲಿ ಶಾಂಪೇನ್ ಸಿಕ್ಕಿತು. ನೂರೈವತ್ತು ವರ್ಷಕ್ಕೂ ಹಳೆಯದು. ಕೆಲವಕ್ಕೆ ಉಪ್ಪುನೀರು ನುಗ್ಗಿತ್ತು, ಆದರೆ ಕೆಲವನ್ನು ಪರಿಣತರು ರುಚಿ ನೋಡುವಷ್ಟು ಚೆನ್ನಾಗಿದ್ದವು. ಅಲ್ಲಿನ ಉಷ್ಣತೆ 2ರಿಂದ 4 ಡಿಗ್ರಿ, ಯಾವ ಪುಸ್ತಿಕೆಯೂ ಒಪ್ಪದ ಅಂಕಿ. ಆದರೆ ಕತ್ತಲಿತ್ತು, ಉಷ್ಣತೆಯ ದೊಡ್ಡ ಏರಿಳಿತವಿರಲಿಲ್ಲ. ಗುಂಡಿ ಒತ್ತುವವರಂತೂ ಯಾರೂ ಇರಲಿಲ್ಲ.

ಎಷ್ಟು ಇಳಿಸಿದರೂ ತಣ್ಣಗಾಗುತ್ತಿಲ್ಲ ಎನ್ನುವವರ ಕಥೆ ಬೇರೆ. ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಕೂಲರುಗಳು ಕೋಣೆಯ ಉಷ್ಣತೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ತಂದರೆ ದೊಡ್ಡದು. ಕಡುಬೇಸಿಗೆಯಲ್ಲಿ ಗುಂಡಿ ಒತ್ತಿ ಪ್ರಯೋಜನವಿಲ್ಲ, ಕೂಲರನ್ನೇ ತಂಪಾದ ಕೋಣೆಗೆ ಸಾಗಿಸಿ. ಹಿಂದಿನಿಂದ ಬಿಸಿಗಾಳಿ ಬಿಡುವ ಮಾದರಿಯನ್ನು ಕಪಾಟಿನೊಳಗೆ ಹುದುಗಿಸಿದರೂ ಇದೇ ಪಾಡು. ಇನ್ನು, ಕಂಪನಿಗಳು ಬಾಟಲಿಯ ಲೆಕ್ಕ ಕೊಡುವುದು ನೇರ ಮೈಯ ಬೋರ್ಡೋ ಬಾಟಲಿಗೆ. ಶಾಂಪೇನಿನ ದಪ್ಪ ಬಾಟಲಿಗಳನ್ನು ಅಷ್ಟೇ ತುರುಕಿ, ಬಾಗಿಲ ರಬ್ಬರ್ ಕೂರದಂತೆ ಮಾಡಿ, ಆಮೇಲೆ ಕಂಪನಿಯನ್ನು ಬೈಯುವವರಿಗೆ ಏನು ಹೇಳಲಿ?

ಎರಡು ವಲಯದ, ಅಂದರೆ ಎರಡು ಖಾನೆಗೆ ಬೇರೆ ಬೇರೆ ಉಷ್ಣತೆ ಇಡಬಹುದಾದ ಕೂಲರ್ ಕೊಂಡವರು ಬೇಸರಪಡಬೇಕಿಲ್ಲ. ದೊಡ್ಡ ವಲಯ 12ರಲ್ಲಿ ಇರಲಿ, ಚಿಕ್ಕದರಲ್ಲಿ ಈ ವಾರ ಕುಡಿಯುವ ಬಿಳಿ ಬಾಟಲಿಗಳು. ಒಂದೇ ವಲಯವಿದ್ದರೂ ತೊಂದರೆಯಿಲ್ಲ: ಬಿಳಿಯನ್ನು ಒಂದು ಗಂಟೆ ಮೊದಲು ಮನೆಯ ಫ್ರಿಜ್ಜಿಗೆ ಹಾಕಿ, ಅವಸರವಿದ್ದರೆ ಐಸು ನೀರು ಬೆರೆಸಿದ ಬಕೆಟ್ಟಿನಲ್ಲಿ ಹತ್ತು ಹದಿನೈದು ನಿಮಿಷ. ಕೆಂಪನ್ನು ಅರ್ಧ ಗಂಟೆ ಮೊದಲು ಮೇಜಿನ ಮೇಲಿಡಿ. ಕುಡಿದು ಉಳಿದ ಅರ್ಧ ಬಾಟಲಿಯನ್ನು ಕೂಲರಿಗೆ ವಾಪಸು ಇಡಬೇಡಿ. ಒಮ್ಮೆ ತೆರೆದದ್ದು ಕೆಂಪಾದರೂ ಬೂಚು ಹಾಕಿ ಮನೆಯ ಫ್ರಿಜ್ಜಿಗೇ, ಮೂರ್ನಾಲ್ಕು ದಿನದೊಳಗೆ ಮುಗಿಸಿ.