ಬೇಗ ಹೊರಟವರಿಗೆ ಬಡ್ತಿ ಏಕೆ ತಡ? ಎಚ್‌ಆರ್ ಪಾಠದ ಟಿಪ್ಪಣಿ

ಕೆಲಸದ ವೇಳೆಯ ಸಡಿಲಿಕೆ ಮತ್ತು ಹೆಂಗಸರ ಬಡ್ತಿ ಕುರಿತ ಈ ಪಾಠ ಪರೀಕ್ಷೆಗೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಬರೀ ಕಾನೂನು ಬರೆದು ಮುಗಿಸುತ್ತಾರೆ. ಆ ಭಾಗ ಚಿಕ್ಕದು, ಮೊದಲು ಮುಗಿಸೋಣ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ, ಇಬ್ಬರಿಗಿಂತ ಕಡಿಮೆ ಮಕ್ಕಳಿರುವವರ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇರಬೇಕು. ರಜೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಮಾಡಬಹುದು. ಆದರೆ ಕೆಲಸ ಅಂಥದ್ದಾಗಿರಬೇಕು, ಮಾಲೀಕರೂ ಒಪ್ಪಬೇಕು. ಸಂಸ್ಥೆಯ ಸಂಸ್ಕೃತಿ ಒಳಗೆ ಬರುವುದು ಈ ಒಪ್ಪಿಗೆಯ ಹತ್ತಿರವೇ.

ಹಾಸನದ ಒಂದು ಕಚೇರಿ ಊಹಿಸಿಕೊಳ್ಳಿ. ಬೆಳಿಗ್ಗೆ 8ಕ್ಕೆ ಬಂದು ಸಂಜೆ 4ಕ್ಕೆ ಹೋಗಲು ಅವಕಾಶ ಇದೆ. ಅರಕಲಗೂಡಿನಿಂದ ಓಡಾಡುವ ಅಕೌಂಟೆಂಟ್ ಒಬ್ಬರು ಆ ವೇಳೆ ಆರಿಸಿಕೊಂಡಿದ್ದಾರೆ. ಮುಖ್ಯ ಮೀಟಿಂಗುಗಳೆಲ್ಲ ಐದೂವರೆಗೆ. ಹೊಸ ಜವಾಬ್ದಾರಿ ಸಿಗುವುದು ಅಲ್ಲಿ ಕೂತವರಿಗೆ. ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನ, ಬಂದಾಗ ಮೇಲಿನವರು ‘ಅವರು ಬೇಗ ಹೊರಟುಬಿಡ್ತಾರೆ’ ಅನ್ನುತ್ತಾರೆ. ಬೇಗ ಬಂದದ್ದು ಯಾರ ಲೆಕ್ಕದಲ್ಲೂ ಇಲ್ಲ, ಅಲ್ವಾ?

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದಕ್ಕೆ ಕಾರಣ ಹುಡುಕಿದ್ದಾರೆ. ಕೆಲವು ಹುದ್ದೆಗಳಲ್ಲಿ ಎರಡರಷ್ಟು ಹೊತ್ತು ದುಡಿದವರಿಗೆ ಎರಡರಷ್ಟಕ್ಕಿಂತ ಜಾಸ್ತಿ ಸಂಬಳ ಸಿಗುತ್ತದೆ. ಮಗು ಹುಟ್ಟಿದ ಮೇಲೆ ಇಬ್ಬರಲ್ಲೊಬ್ಬರು ಮನೆ ಕರೆದಾಗ ಸಿಗುವಂತಿರಬೇಕು. ಸಾಮಾನ್ಯವಾಗಿ ಆ ಒಬ್ಬರು ಹೆಂಡತಿಯೇ. ಹಿಂದೆ ಬೀಳುವವರೂ ಅವರೇ.

ಅವರು ಕೊಡುವ ಅಮೆರಿಕದ ಫಾರ್ಮಸಿಸ್ಟ್‌ಗಳ ಉದಾಹರಣೆ ಮಾತ್ರ ಬಿಡಬೇಡಿ, ಇಡೀ ಪಾಠದ ಜೀವ ಅಲ್ಲೇ ಇದೆ. ರೋಗಿಯ ವಿವರ ಕಂಪ್ಯೂಟರಿನಲ್ಲಿ ಇರುತ್ತದೆ. ಒಬ್ಬರು ಹೋದರೆ ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸಬಹುದು. ಹಾಗಾಗಿ ಕಡಿಮೆ ಹೊತ್ತು ದುಡಿದರೂ ಗಂಟೆಯ ಸಂಬಳಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ. ಇಲ್ಲಿ ಹೆಂಗಸರಿಗೆ ಯಾರೂ ರಿಯಾಯಿತಿ ಕೊಡಲಿಲ್ಲ, ಕೆಲಸವನ್ನೇ ಬೇರೆ ರೀತಿ ಜೋಡಿಸಿದರು. ನಮ್ಮ ಕಚೇರಿಯಲ್ಲೂ ಕಡತ ಒಬ್ಬರ ತಲೆಯಲ್ಲಿ ಉಳಿಯದಿದ್ದರೆ, ಮೀಟಿಂಗ್ ಮಧ್ಯಾಹ್ನ ನಡೆದರೆ, ಗಂಡಸರೂ ಅದೇ ವೇಳೆ ಆರಿಸಿಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಹೆಂಗಸರಷ್ಟೇ ಬಳಸುವ ಸೌಲಭ್ಯ ಸುಮ್ನೆ ಅವರ ಮೇಲಿನ ಗುರುತಾಗಿಬಿಡುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಈ ಚರ್ಚೆ ಪೂರ್ತಿ ಒಗ್ಗುವುದಿಲ್ಲ. ಹಣ್ಣು ಕೊಯ್ಯುವವರಲ್ಲಿ ಹೆಂಗಸರು ಜಾಸ್ತಿ. ಕೆಲಸ ಮಾಡಿಸುವ ಮೇಸ್ತ್ರಿ, ಹಾಜರಿ ಮತ್ತು ಲೆಕ್ಕ ಬರೆಯುವ ರೈಟರ್ ಸಾಮಾನ್ಯವಾಗಿ ಗಂಡಸರು. ಅಲ್ಲಿ ವೇಳೆಯ ಮಾತಿಗಿಂತ ಮೊದಲು, ಕೊಯ್ಯುವ ಕೆಲಸದಿಂದ ರೈಟರ್ ಹುದ್ದೆಗೆ ಹೋಗಲು ದಾರಿ ಇದೆಯಾ ಅಂತ ಕೇಳಬೇಕು. ಸ್ಥಳೀಯ ಉದಾಹರಣೆ ಕೇಳಿದರೆ ನಾನಂತೂ ಇದನ್ನೇ ಬರೆಯುತ್ತೇನೆ.