ಫ್ಲೂ ವೈರಸ್ಸನ್ನು ಬಿಡಿಸುವ ಕಿಣ್ವ: ನ್ಯೂರಮಿನಿಡೇಸ್ ಕತೆ

ಮಳೆಗಾಲ ಹಿಡಿಯಿತು ಅಂದ್ರೆ ಶಿರಸಿಯ ಕ್ಲಿನಿಕ್‌ಗಳ ಮುಂದೆ ಚಪ್ಪಲಿಗಳ ರಾಶಿ. ರಿಪೋರ್ಟಿನಲ್ಲಿ ಎಚ್1ಎನ್1 ಅಂತ ಬಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಎಚ್ ಅಂದ್ರೆ ಹೀಮಗ್ಲುಟಿನಿನ್, ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳೋದು ಅದರಿಂದ. ಎನ್ ಅಂದ್ರೆ ನ್ಯೂರಮಿನಿಡೇಸ್, ವೈರಸ್ಸಿನ ಮೈಮೇಲಿರುವ ಒಂದು ಕಿಣ್ವ. ಫ್ಲೂಗೆ ಕೊಡುವ ಟಾಮಿಫ್ಲೂ ಮಾತ್ರೆ ಕೆಲಸ ಮಾಡೋದು ಇದರ ಮೇಲೆ.

ಮೊದಲ ಸುಳಿವು ಸಿಕ್ಕಿದ್ದು ಕೋಳಿಯ ರಕ್ತದಲ್ಲಿ. 1940ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್‌ನ ವಿಜ್ಞಾನಿ ಜಾರ್ಜ್ ಹರ್ಸ್ಟ್ ಕೋಳಿಯ ಕೆಂಪು ರಕ್ತಕಣಗಳಿಗೆ ಫ್ಲೂ ವೈರಸ್ ಬೆರೆಸಿದರು. ಕಣಗಳು ಗಂಟು ಕಟ್ಟಿದವು. ಮೈಬಿಸಿಯಷ್ಟು ಶಾಖದಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ವೈರಸ್ ತಾನಾಗಿ ಕಳಚಿಕೊಂಡಿತು. ವಿಚಿತ್ರ ಅಂದ್ರೆ, ಆ ಕಣಗಳಿಗೆ ಹೊಸದಾಗಿ ವೈರಸ್ ಹಾಕಿದರೂ ಅಂಟಲಿಲ್ಲ. ಹೋಗುವಾಗ ಅದು ಅಂಟುವ ಜಾಗವನ್ನೇ ಹಾಳುಮಾಡಿ ಹೋಗಿತ್ತು! ಇದು ಕಿಣ್ವದ ಕೆಲಸ ಇರಬೇಕು ಎಂದು ಹರ್ಸ್ಟ್ ಊಹಿಸಿದರು. ಮುಂದೆ ಮೆಲ್ಬರ್ನ್‌ನ ವಿಜ್ಞಾನಿ ಬರ್ನೆಟ್ ತಂಡಕ್ಕೆ ಕಾಲರಾ ಬ್ಯಾಕ್ಟೀರಿಯಾದಲ್ಲೂ ಇಂಥದೇ ಕಿಣ್ವ ಸಿಕ್ಕಿತು.

ಹರ್ಸ್ಟ್ ಊಹಿಸಿದ ಕಿಣ್ವವೇ ಈ ಎನ್. ಅದು ಕತ್ತರಿಸೋದು ಜೀವಕೋಶದ ಮೇಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯನ್ನು. ಎಚ್ ಹಿಡಿಯೋದೂ ಅದನ್ನೇ. ಹಾಗಾಗಿ ಕೋಶದಿಂದ ಹೊರಬರುವ ಹೊಸ ವೈರಸ್‌ಗಳು ಅಲ್ಲೇ ಮತ್ತೆ ಸಿಕ್ಕಿಹಾಕಿಕೊಳ್ಳುತ್ತವೆ. ಎನ್ ಕತ್ತರಿಸಿದರೆ ಬಿಡುಗಡೆ. ಸಿಂಬಳದಲ್ಲೂ ಈ ಸಕ್ಕರೆ ಇದೆ, ಅದರೊಳಗೆ ದಾರಿ ಮಾಡಿಕೊಡೋದೂ ಎನ್ ಕೆಲಸವೇ.

1983ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಕೋಲ್ಮನ್, ವರ್ಗೀಸ್, ಲೇವರ್ ಎಕ್ಸ್-ರೇ ಹಾಯಿಸಿ ಇದರ ಆಕಾರ ಕಂಡುಕೊಂಡರು. ತೆಳ್ಳನೆಯ ಕಾಂಡದ ಮೇಲೆ, ಒಂದೇ ಥರದ ನಾಲ್ಕು ತುಂಡುಗಳು ಕೂಡಿದ ತಲೆ. ಒಂದೊಂದು ತುಂಡೂ ಕಾರವಾರದ ಬೈತಖೋಲದಲ್ಲಿ ನಿಲ್ಲುವ ಮೀನುಗಾರಿಕೆ ಬೋಟಿನ ಪ್ರೊಪೆಲರ್ ಥರ, ಎಲೆಗಳು ಮಾತ್ರ ಆರು. ನಡುವೆ ಒಂದು ಗುಳಿ. ವೈರಸ್ ವರ್ಷವರ್ಷ ವೇಷ ಬದಲಿಸಿದರೂ ಗುಳಿಯ ಒಳಭಾಗ ಬಹುತೇಕ ಹಾಗೇ ಇರುತ್ತದೆ. ಅದಕ್ಕೆ ಹೊಂದುವಂತೆ ಮಾಡಿದ ಔಷಧಿಗಳೇ ರೆಲೆನ್ಜಾ ಮತ್ತು ಟಾಮಿಫ್ಲೂ. 1999ರಲ್ಲಿ ಎರಡಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ 2008ರ ಹೊತ್ತಿಗೆ, ಕಿಣ್ವದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಟಾಮಿಫ್ಲೂಗೆ ಬಗ್ಗದ ಎಚ್1ಎನ್1 ಹಲವು ದೇಶಗಳಲ್ಲಿ ಹರಡಿತ್ತು.

ಟಾಮಿಫ್ಲೂ ತಯಾರಿಗೆ ಬೇಕಾದ ಶಿಕಿಮಿಕ್ ಆಮ್ಲವನ್ನು ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದ ತೆಗೆಯುತ್ತಿದ್ದರು. ಹಾಗಂತ ಕಷಾಯ ಮಾಡಿ ಕುಡಿದರೆ ಅದು ಟಾಮಿಫ್ಲೂ ಆಗೋದಿಲ್ಲ. ಮೊಗ್ಗಿನಲ್ಲಿರೋದು ಕಚ್ಚಾ ಮಾಲು ಅಷ್ಟೇ. ನಮ್ಮ ಘಟ್ಟದ ಮೇಲಿನ ಕಷಾಯಪ್ರಿಯರಿಗೆ ಇದನ್ನು ಹೇಳಲೇಬೇಕು ಅಲ್ವಾ?

ಮಾತ್ರೆ ತಡೆಯೋದು ಹೊಸ ವೈರಸ್ಸಿನ ಬಿಡುಗಡೆಯನ್ನು, ಆಗಲೇ ಹರಡಿದ್ದನ್ನಲ್ಲ. ಅದಕ್ಕೇ ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಲಾಭ ಜಾಸ್ತಿ. ವಯಸ್ಸಾದವರು, ಗರ್ಭಿಣಿಯರ ವಿಷಯದಲ್ಲಿ ‘ಎರಡು ದಿನ ನೋಡೋಣ’ ಅನ್ನೋದು ಸರಿಯಲ್ಲ. ಇನ್ನು ಸಿದ್ದಾಪುರದ ಕಾಡಂಚಿನಲ್ಲಿ ಬೇಸಿಗೆಗೆ ಬರುವ ಮಂಗನ ಕಾಯಿಲೆಗೆ ಇದನ್ನು ನುಂಗಿ ಪ್ರಯೋಜನವಿಲ್ಲ. ಆ ವೈರಸ್ಸಿನಲ್ಲಿ ಈ ಕಿಣ್ವವೇ ಇಲ್ಲ.